ಬೂದಿಯೊಳಗೆ ಮಲಗಿದ ಘೇಂಡಾಮೃಗಗಳು: ಆಶ್‌ಫಾಲ್ ನೋಡಿದವರು ಯಾರಾದರೂ ಇದ್ದೀರಾ?

ಮೆಕ್ಕೆಜೋಳದೂರು:
ಅಪ್ಪ ಅಮ್ಮ ಅರಸೀಕೆರೆಯಿಂದ ಬಂದು ಮೂರು ವಾರ ಆಯ್ತು. ನಾನಿರೋದು ಅಮೆರಿಕದ ನೆಬ್ರಾಸ್ಕಾದ ಓಮಾಹಾದಲ್ಲಿ. ಇಲ್ಲಿ ಮೆಕ್ಕೆಜೋಳದ ಹೊಲ ಬಿಟ್ಟರೆ ಸೋಯಾ ಹೊಲ. ಅಪ್ಪ ರೈತರಾದ್ದರಿಂದ ಮೊದಲ ವಾರ ಅದನ್ನೇ ಕಣ್ಣುಬಾಯಿ ಬಿಟ್ಟು ನೋಡಿದರು. ಎರಡನೇ ವಾರ "ಇನ್ನೇನೈತಪ್ಪ ನಿಮ್ಮೂರಲ್ಲಿ?" ಅಂದರು.

ಹಾಗಾಗಿ ಮೊನ್ನೆ ಶನಿವಾರ ಆಶ್‌ಫಾಲ್ ಅನ್ನೋ ಪಳೆಯುಳಿಕೆ ಪಾರ್ಕಿಗೆ ಕರೆದುಕೊಂಡು ಹೋದೆ. ಕಾರಲ್ಲಿ ಸುಮಾರು ಮೂರು ಗಂಟೆ. ರಾಯಲ್ ಅಂತ ಒಂದು ಪುಟ್ಟ ಊರು, ಅದರ ಹತ್ತಿರ. ಹೊರಗಿಂದ ನೋಡಿದರೆ ನಮ್ಮ ಕೊಬ್ಬರಿ ಗೋದಾಮಿನ ಹಾಗೆ ದೊಡ್ಡ ಶೆಡ್ಡು. ಒಳಗೆ ಹೋದರೆ ನೆಲದ ತುಂಬ ಘೇಂಡಾಮೃಗದ ಅಸ್ಥಿಪಂಜರಗಳು. ಎತ್ತಿ ತಂದು ಜೋಡಿಸಿದ್ದಲ್ಲ. ಎಲ್ಲಿ ಸತ್ತವೋ ಅಲ್ಲೇ, ಹೇಗೆ ಸತ್ತವೋ ಹಾಗೇ. ಕಾಲೇಜು ಹುಡುಗ ಹುಡುಗಿಯರು ಬ್ರಶ್ ಹಿಡಿದು ಕೂತು ಇನ್ನೂ ಬಿಡಿಸ್ತಾ ಇದ್ದಾರೆ.

ಅಪ್ಪ ಕಟಕಟೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು: "ಇವು ಬಿದ್ದು ಸತ್ತಿಲ್ಲ ಕಣೋ. ಮಲಗಿ ಸತ್ತಿವೆ. ಕಾಯಿಲೆ ಬಿದ್ದ ಎಮ್ಮೆ ಹಿಂಗೇ ಮಂಡಿ ಮಡಚಿಕೊಂಡು ಕೂರೋದು."

ಅಲ್ಲಿಂದ ಬಂದಮೇಲೆ ತಲೆಯಲ್ಲಿ ಅದೇ ಕೊರೀತಾ ಇದೆ. ಎಲ್ಲ ಜ್ವಾಲಾಮುಖಿಯ ಬೂದಿಯಿಂದ ಆಗಿದ್ದು ಅಂತ ಬೋರ್ಡ್‌ನಲ್ಲಿ ಬರೆದಿದ್ದಾರೆ. ಜ್ವಾಲಾಮುಖಿ ಅಂದರೆ ಸುಟ್ಟು ಹೋಗಬೇಕಲ್ವಾ? ಮೂಳೆ ಒಂದೂ ಕರಕಲಾಗಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಕಲ್ಲುಮಾತು:
ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನಾವು ಭೂವಿಜ್ಞಾನ ಓದಿದವರು ಎರಡು ಪುಟದಲ್ಲಿ ಹೇಳುವುದನ್ನು ಎರಡು ಸಾಲಲ್ಲಿ ಹೇಳಿಬಿಟ್ಟರು.

ಸುಡಲಿಲ್ಲ ಯಾಕೆ ಅಂದರೆ ಜ್ವಾಲಾಮುಖಿ ಅಲ್ಲಿರಲಿಲ್ಲ. ಅದಿದ್ದದ್ದು ಈಗಿನ ಐಡಹೋ ರಾಜ್ಯದ ನೈಋತ್ಯ ಮೂಲೆಯಲ್ಲಿ. ಬ್ರೂನೋ-ಜಾರ್ಬಿಡ್ಜ್ ಅಂತ ಆ ಜಾಗದ ಹೆಸರು. ಆಶ್‌ಫಾಲ್‌ನಿಂದ ಪಶ್ಚಿಮಕ್ಕೆ ಸುಮಾರು 1,600 ಕಿಲೋಮೀಟರ್. ಸಿಡಿದದ್ದು ಹತ್ತಿರ ಹತ್ತಿರ 1 ಕೋಟಿ 20 ಲಕ್ಷ ವರ್ಷದ ಹಿಂದೆ. ಹಳೇ ಬರಹಗಳಲ್ಲಿ 1 ಕೋಟಿ ಅಂತ ಇರುತ್ತೆ. ಆಮೇಲೆ ಕಾಲ ಅಳೆಯುವ ವಿಧಾನ ಸುಧಾರಿಸಿದ ಮೇಲೆ ಅದು ಹಿಂದಕ್ಕೆ ಹೋಯಿತು.

ಅಷ್ಟು ದೂರ ಗಾಳಿಯಲ್ಲಿ ಬರುವಷ್ಟರಲ್ಲಿ ಬೂದಿ ತಣ್ಣಗಾಗಿರುತ್ತೆ. ಆದರೆ ಇದು ಒಲೆಯ ಬೂದಿಯಲ್ಲ. ಒಲೆಯ ಬೂದಿ ಕಟ್ಟಿಗೆ ಉರಿದು ಉಳಿದದ್ದು. ಇದು ಗಾಜು. ಕರಗಿದ ಶಿಲೆಯೊಳಗಿನ ಅನಿಲ ಒಮ್ಮೆಗೇ ಹೊರಬಿದ್ದು, ನೊರೆ ನೊರೆಯಾಗಿ, ಆ ಗುಳ್ಳೆಗಳೆಲ್ಲ ಒಡೆದು ಪುಡಿಯಾಗಿದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಬಳೆ ಚೂರಿನ ಹಾಗೆ ಕಾಣುತ್ತೆ, ಬಾಗಿದ ಅಂಚು, ಚೂಪು ಮೂಲೆ. ಅದನ್ನು ಉಸಿರಾಡಿದರೆ ಏನಾಗಬಹುದು ಯೋಚಿಸಿ.

ಇನ್ನೊಂದು ವಿಷಯ. ಆ ಜ್ವಾಲಾಮುಖಿಗೆ ಕೆಳಗಿಂದ ಬಿಸಿ ಕೊಟ್ಟ ಜಾಗ ಇವತ್ತಿಗೂ ಜೀವಂತ. ಮೇಲಿನ ಭೂಫಲಕ ನೈಋತ್ಯಕ್ಕೆ ಸರಿಯುತ್ತಾ ಬಂದಿದ್ದರಿಂದ ಈಗ ಅದು ಯೆಲ್ಲೋಸ್ಟೋನ್ ಕೆಳಗಿದೆ. ಬಿಸಿನೀರಿನ ಬುಗ್ಗೆ ನೋಡೋಕೆ ಎಲ್ಲರೂ ಹೋಗ್ತಾರಲ್ಲ, ಅದೇ.

ಸಂಶಯರಾಯ:
ಒಂದು ನಿಮಿಷ. 1,600 ಕಿಲೋಮೀಟರ್ ದೂರದಿಂದ ಬಂದದ್ದು ಅಂತ ಯಾರು ನೋಡಿದ್ದು? ಬೂದಿ ಬೂದಿಯೇ. ಪಕ್ಕದಲ್ಲೇ ಯಾವುದೋ ಸಣ್ಣ ಜ್ವಾಲಾಮುಖಿ ಇದ್ದು ಈಗ ಸವೆದು ಹೋಗಿರಬಹುದಲ್ಲ. ಸುಮ್ನೆ ತಕರಾರು ತೆಗೀತಾ ಇಲ್ಲ, ನಿಜವಾಗಿಯೂ ಕೇಳ್ತಾ ಇದ್ದೀನಿ.

ಕಲ್ಲುಮಾತು:
ಕೇಳಿ, ಕೇಳಬೇಕಾದ್ದೇ. ಒಂದೊಂದು ಸ್ಫೋಟದ ಗಾಜಿಗೂ ಅದರದೇ ಒಂದು ಕೈಗುಣ ಇರುತ್ತೆ. ಎಷ್ಟು ಕಬ್ಬಿಣ, ಎಷ್ಟು ಪೊಟ್ಯಾಶಿಯಂ, ಅತ್ಯಲ್ಪ ಪ್ರಮಾಣದ ಬೇರೆ ಧಾತುಗಳು ಎಷ್ಟೆಷ್ಟು ಅಂತ ಅಳೆದರೆ ಬೆರಳಚ್ಚಿನ ಹಾಗೆ ಹೊಂದಿಸಿ ನೋಡಬಹುದು. ಜೊತೆಗೆ ಬೂದಿಯಲ್ಲಿ ಜಿರ್ಕಾನ್ ಅಂತ ಸಣ್ಣ ಹರಳು ಸಿಗುತ್ತೆ. ಅದರೊಳಗಿನ ಯುರೇನಿಯಂ ನಿಧಾನಕ್ಕೆ ಸೀಸ ಆಗ್ತಾ ಇರುತ್ತೆ. ಎಷ್ಟು ಆಗಿದೆ ಅಂತ ನೋಡಿದರೆ ಹರಳಿನ ವಯಸ್ಸು ಗೊತ್ತಾಗುತ್ತೆ. ಗಾಜಿನ ಗುಣ, ಹರಳಿನ ವಯಸ್ಸು ಎರಡೂ ಐಡಹೋ ಕಡೆಯೇ ಬೆರಳು ತೋರಿಸಿದವು. ಪೂರ್ವ ನೆಬ್ರಾಸ್ಕಾ ಸುತ್ತ ಆ ಕಾಲದ ಜ್ವಾಲಾಮುಖಿಯ ಬುಡವೇ ಇಲ್ಲ. ಬೆಟ್ಟ ಸವೆಯಬಹುದು, ಕೆಳಗಿನ ಕೊಳವೆ ಸವೆಯಲ್ಲ ಸ್ವಾಮಿ.

ಮೆಕ್ಕೆಜೋಳದೂರು:
ಧನ್ಯವಾದ ಕಲ್ಲುಮಾತು ಅವರೇ. ಆದರೆ ಇನ್ನೊಂದು ಗೊಂದಲ. ಅಷ್ಟು ದೂರದಿಂದ ಬಂದ ಬೂದಿ ಆಳೆತ್ತರ ಬಿದ್ದಿದ್ದು ಹೇಗೆ? ಶೆಡ್ಡಿನ ಅಂಚಲ್ಲಿ ಪದರ ನೋಡಿದರೆ ನನಗಿಂತ ಎತ್ತರ ಇದೆ.

ಕಲ್ಲುಮಾತು:
ನೀವು ಹಿಮ ಬೀಳುವ ಊರಲ್ಲಿದ್ದೀರಿ, ನಿಮಗೆ ಹೇಳಿಕೊಡಬೇಕಾ? ಅಂಗಳದಲ್ಲಿ ಅರ್ಧ ಅಡಿ ಬಿದ್ದಿರುತ್ತೆ. ಗಾಳಿ ಬೀಸಿದರೆ ಗ್ಯಾರೇಜ್ ಬಾಗಿಲಿಗೆ ಐದಡಿ ಗುಡ್ಡೆ. ಅಲ್ಲೂ ಅದೇ ಆಗಿದ್ದು. ಬಯಲಲ್ಲಿ ಬಿದ್ದದ್ದು ಒಂದಡಿ, ಹೆಚ್ಚೆಂದರೆ ಎರಡಡಿ. ಆಮೇಲೆ ವಾರಗಟ್ಟಲೆ ಗಾಳಿ ಅದನ್ನು ಗುಡಿಸಿ ಗುಡಿಸಿ ತಗ್ಗಿಗೆ ತುಂಬಿತು. ಆ ತಗ್ಗು ಒಂದು ನೀರಿನ ಹೊಂಡ. ಕೆಲವು ಕಡೆ ಎಂಟು ಅಡಿಗೂ ಜಾಸ್ತಿ ತುಂಬಿದೆ. ಪ್ರಾಣಿಗಳು ಇದ್ದದ್ದೂ ಆ ಹೊಂಡದಲ್ಲೇ.

ಸಂಶಯರಾಯ:
ಸರಿ, ಬೂದಿ ಎಲ್ಲಿಂದ ಬಂತು ಅನ್ನೋದು ಒಪ್ಪಿದೆ. "ವಾರಗಟ್ಟಲೆ" ಅಂದಿರಲ್ಲ, ಅದು ಒಪ್ಪಲ್ಲ. ಒಂದೇ ದಿನದಲ್ಲಿ ಉಸಿರುಕಟ್ಟಿ ಎಲ್ಲ ಸತ್ತಿರಬಹುದು. ಮೂಳೆ ನೋಡಿ ಒಂದು ದಿನವೋ ಒಂದು ತಿಂಗಳೋ ಅಂತ ಹೇಗೆ ಹೇಳ್ತೀರಿ?

ದನದಡಾಕ್ಟ್ರು:
ಇದಕ್ಕೆ ನಾನು ಉತ್ತರ ಹೇಳಬಹುದು. ನಾನು ಹಾವೇರಿ ಕಡೆ ಪಶುವೈದ್ಯ, ಇಪ್ಪತ್ತೆರಡು ವರ್ಷದ ಸರ್ವೀಸು.

ನಮ್ಮಲ್ಲಿ ಮುದಿ ನಾಯಿಗಳನ್ನು ತರ್ತಾರೆ. ಕಾಲು ಊದಿದೆ, ಎದ್ದು ಓಡಾಡಲ್ಲ ಅಂತಾರೆ. ಎಕ್ಸ್‌ರೇ ತೆಗೆದರೆ ಕಾಲಿನ ಮೂಳೆಯ ಮೇಲೆ ಹೊಸ ಮೂಳೆ ಒರಟೊರಟಾಗಿ ಬೆಳೆದಿರುತ್ತೆ, ಹಳೇ ಗೋಡೆಗೆ ಸಿಮೆಂಟು ಎರಚಿದ ಹಾಗೆ. ಅನುಭವ ಇಲ್ಲದವರು ಕಾಲಿಗೆ ಔಷಧಿ ಕೊಡ್ತಾ ಕೂರ್ತಾರೆ. ಅನುಭವ ಇದ್ದವರು ಎದೆಯ ಎಕ್ಸ್‌ರೇ ತೆಗೀತಾರೆ. ಶ್ವಾಸಕೋಶದಲ್ಲಿ ಗೆಡ್ಡೆ ಇರುತ್ತೆ. ರೋಗ ಎದೆಯಲ್ಲಿ, ಗುರುತು ಕಾಲಲ್ಲಿ. ಇದಕ್ಕೆ ಹೈಪರ್‌ಟ್ರೋಫಿಕ್ ಆಸ್ಟಿಯೋಪತಿ ಅಂತ ಹೆಸರು.

ಆಶ್‌ಫಾಲ್‌ನ ಘೇಂಡಾಮೃಗ, ಕುದುರೆ, ಒಂಟೆಗಳ ಮೂಳೆಯಲ್ಲಿ ಕಂಡಿದ್ದೂ ಇದೇ. ಕಾಲಿನ ಮೂಳೆ, ಪಕ್ಕೆಲುಬು, ದವಡೆ ಮೇಲೆಲ್ಲ ಒರಟು ಬೆಳವಣಿಗೆ. ಮೈಕ್ ವೂರ್ಹೀಸ್ ಅಂತ ಆ ಜಾಗ ಕಂಡುಹಿಡಿದ ವಿಜ್ಞಾನಿ ಇದನ್ನು ಗುರುತಿಸಿದರು. ಈಗ ಸಂಶಯರಾಯರ ಪ್ರಶ್ನೆ. ಮೂಳೆ ಒಂದು ದಿನದಲ್ಲಿ ಬೆಳೆಯಲ್ಲ ಸರ್. ಹಾಗೆ ಹೊಸ ಪದರ ಕಟ್ಟಬೇಕಾದರೆ ಪ್ರಾಣಿ ವಾರಗಟ್ಟಲೆ ಬದುಕಿರಬೇಕು, ಕೆಟ್ಟ ಶ್ವಾಸಕೋಶ ಇಟ್ಟುಕೊಂಡು. ಘೇಂಡಾಮೃಗಗಳು ಮೂರರಿಂದ ಐದು ವಾರ ಒದ್ದಾಡಿರಬಹುದು ಅಂತ ಅಲ್ಲಿನವರ ಅಂದಾಜು. ನನಗೂ ಅದು ಸರಿ ಅನ್ನಿಸುತ್ತೆ.

ಅವು ಹೊಂಡಕ್ಕೆ ಯಾಕೆ ಬಂದವು ಅಂತಲೂ ಹೇಳಬಹುದು. ಜ್ವರ ಬಂದ ದನ ನೀರು ಹುಡುಕುತ್ತೆ, ಕೆಸರು ಹುಡುಕುತ್ತೆ. ಇವು ತಿಂದ ಹುಲ್ಲಿನ ಮೇಲೆಲ್ಲ ಗಾಜಿನ ಪುಡಿ. ಒಂದೊಂದು ತುತ್ತಿಗೂ ಮೂಗಿಗೆ ಏರಿರುತ್ತೆ. ಹುಲ್ಲು ಮೇಯುವ ಪ್ರಾಣಿಯ ಮೂಗು ನೆಲದಲ್ಲೇ ಇರುತ್ತಲ್ಲ.

ತಿಮ್ಮಾಪುರದಹುಡುಗಿ:
ಡಾಕ್ಟ್ರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ತಾತ ಕಲ್ಲು ಕ್ವಾರಿಯಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡ್ತಿದ್ದರು. ಕೊನೇ ನಾಲ್ಕು ವರ್ಷ ಮಲಗಿ ನಿದ್ದೆ ಮಾಡಲೇ ಇಲ್ಲ. ಗೋಡೆಗೆ ಒರಗಿ ಕೂತೇ ಇರೋರು, ಮಲಗಿದರೆ ಉಸಿರು ಸಿಗ್ತಿರಲಿಲ್ಲ. ಸಿಲಿಕೋಸಿಸ್ ಅಂದರು, ಕಲ್ಲಿನ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ. ಅವರ ಬೆರಳ ತುದಿ ಊದಿಕೊಂಡು ದಪ್ಪ ಆಗಿತ್ತು. ಅದೂ ಇದೇ ತರಹದ್ದಾ?

ದನದಡಾಕ್ಟ್ರು:
ನಾನು ಮನುಷ್ಯರ ಡಾಕ್ಟರಲ್ಲಮ್ಮ, ನೋಡದೆ ಹೇಳೋದು ತಪ್ಪಾಗುತ್ತೆ. ಆದರೆ ಶ್ವಾಸಕೋಶದ ದೀರ್ಘ ಕಾಯಿಲೆಯಲ್ಲಿ ಬೆರಳ ತುದಿ ದಪ್ಪ ಆಗೋದು ಇದೆ. ಎದೆಯ ತೊಂದರೆ ಕೈಕಾಲಲ್ಲಿ ಕಾಣೋದು ಅಂತ ನಾನು ಹೇಳಿದ್ದು ಅದನ್ನೇ. ನಿಮ್ಮ ತಾತ ಪಟ್ಟ ಕಷ್ಟ ಕೇಳಿ ಬೇಜಾರಾಯ್ತು.

ಮೆಕ್ಕೆಜೋಳದೂರು:
ಡಾಕ್ಟ್ರ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. "ನಾನು ಎಮ್ಮೆ ಅಂತ ಅಂದಿದ್ದು ಸರಿಯಾಗೇ ಐತಲ್ಲ" ಅಂತ ಮೀಸೆ ತಿರುವಿದರು.

ಅಲ್ಲಿ ನೋಡಿದ ಇನ್ನಷ್ಟು ಬರೆದುಬಿಡ್ತೀನಿ. ಬೂದಿಯಲ್ಲಿ ಪ್ರಾಣಿಗಳು ಒಂದೇ ಮಟ್ಟದಲ್ಲಿಲ್ಲ. ತೀರಾ ತಳದಲ್ಲಿ ಆಮೆ, ಹಕ್ಕಿ. ಹಕ್ಕಿಗಳಲ್ಲಿ ಒಂದು ಕಿರೀಟದ ಕೊಕ್ಕರೆ ಜಾತಿ. ಅದರ ನೆಂಟರು ಇವತ್ತು ಆಫ್ರಿಕಾದಲ್ಲಿ ಮಾತ್ರ ಇವೆಯಂತೆ! ಅದರ ಮೇಲೆ ಸಣ್ಣ ಸಣ್ಣ ಪ್ರಾಣಿ, ಕೋರೆಹಲ್ಲಿನ ಪುಟ್ಟ ಜಿಂಕೆಯಂಥದ್ದು. ಅದರ ಮೇಲೆ ಕುದುರೆ, ಒಂಟೆ. ಎಲ್ಲಕ್ಕಿಂತ ಮೇಲೆ ಘೇಂಡಾಮೃಗ. ಸಣ್ಣ ಎದೆಯವು ಬೇಗ ಹೋದವು, ದೊಡ್ಡ ಎದೆಯವು ಕೊನೆಗೆ.

ಆ ಘೇಂಡಾಮೃಗ ಈಗಿನ ಕಾಜಿರಂಗದ್ದರ ಹಾಗಿಲ್ಲ. ಗಿಡ್ಡ ಕಾಲು, ಪೀಪಾಯಿ ಹೊಟ್ಟೆ. ಹಿಪ್ಪೋ ಅಂದರೂ ನಡೆಯುತ್ತೆ. ಟೆಲಿಯೋಸೆರಸ್ ಅಂತ ಹೆಸರು. 100ಕ್ಕೂ ಜಾಸ್ತಿ ಸಿಕ್ಕಿವೆ. ಬೆಳೆದ ಗಂಡು ಕಡಿಮೆ, ಹೆಣ್ಣು ಮತ್ತು ಮರಿಗಳೇ ಹೆಚ್ಚು. ಹಾಗಾಗಿ ಒಂದು ಗಂಡಿನ ಸುತ್ತ ಹಲವು ಹೆಣ್ಣು ಇರುವ ಹಿಂಡು ಅಂತಾರೆ. ಕೆಲವು ತಾಯಿಯ ಹೊಟ್ಟೆಯಲ್ಲಿ ಹುಟ್ಟದ ಮರಿಯ ಮೂಳೆ ಇದೆ. ಒಂದು ಕಡೆ ತಾಯಿಯ ಪಕ್ಕೆಗೆ ಅಂಟಿಕೊಂಡು ಮರಿ ಮಲಗಿದೆ. ಬಾಯಲ್ಲಿ ಹುಲ್ಲಿನ ಕಾಳಿನ ಸಿಪ್ಪೆ ಕೂಡ ಸಿಕ್ಕಿದೆಯಂತೆ, ಕೊನೇ ಮೇವು. ಅಮ್ಮ ಅಲ್ಲಿ ನಿಲ್ಲಲಿಲ್ಲ, ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ಸಂಶಯರಾಯ:
ಮತ್ತೆ ನಾನೇ. ಕೆಳಗೆ ಚಿಕ್ಕವು, ಮೇಲೆ ದೊಡ್ಡವು ಅನ್ನೋದಕ್ಕೆ ಬೇರೆ ಕಾರಣ ಇರಬಹುದಲ್ಲ? ಸತ್ತಮೇಲೆ ಕೆಸರಲ್ಲಿ ಮುಳುಗೋದು, ಮಳೆನೀರು ಜರಡಿ ಹಿಡಿದ ಹಾಗೆ ಬೇರ್ಪಡಿಸೋದು.

ಕಲ್ಲುಮಾತು:
ಮುಳುಗೋದಾದರೆ ಭಾರದ್ದು ಕೆಳಗೆ ಹೋಗಬೇಕಿತ್ತು. ಇಲ್ಲಿ ಉಲ್ಟಾ. ನೀರು ಹೊತ್ತು ತಂದಿದ್ದರೆ ಮೂಳೆ ಚೆಲ್ಲಾಪಿಲ್ಲಿ ಆಗಿರಬೇಕು. ಘೇಂಡಾಮೃಗಗಳಲ್ಲಿ ಕಿರುಬೆರಳಿನ ಮೂಳೆ ಕೂಡ ಜಾಗ ಬಿಟ್ಟಿಲ್ಲ. ಇನ್ನೊಂದು ಸಾಕ್ಷಿ ನನಗೆ ತುಂಬಾ ಇಷ್ಟ. ಕೆಳಗಿನ ಕುದುರೆ, ಒಂಟೆಗಳ ಅಸ್ಥಿಪಂಜರ ಎಷ್ಟೋ ಕಡೆ ತುಳಿದು ಮುರಿದ ಹಾಗಿವೆ. ಅವು ಸತ್ತು ಬಿದ್ದ ಮೇಲೂ ಘೇಂಡಾಮೃಗಗಳು ಅದೇ ಹೊಂಡಕ್ಕೆ ಬರ್ತಾ ಹೋಗ್ತಾ ಇದ್ದವು. ತುಳಿಯೋಕೆ ಜೀವ ಬೇಕಲ್ಲ.

ಎಲ್ಲ ಜೀವಿಯೂ ಸತ್ತಿತು ಅಂತಲೂ ಅಲ್ಲ. ಕೆಲವು ಮೂಳೆಗಳ ಮೇಲೆ ಕಚ್ಚಿದ ಗುರುತಿದೆ. ಮೂಳೆ ಅಗಿಯುವ ದೊಡ್ಡ ನಾಯಿಗಳು ಆ ಕಾಲದಲ್ಲಿದ್ದವು. ಅವು ಬಂದು ತಿಂದು ಹೋಗಿವೆ. ಬೂದಿಯ ಮೇಲೆ ಹೆಜ್ಜೆಗುರುತೂ ಸಿಕ್ಕಿದೆ.

ಸಂಶಯರಾಯ:
ತುಳಿಯೋಕೆ ಜೀವ ಬೇಕು. ಒಪ್ಪಿದೆ. ಇದು ಮೊದಲೇ ಹೇಳಬಾರದಿತ್ತಾ?

ಹಳೇಮೇಷ್ಟ್ರು:
ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ತಿದ್ದೆ. ಕುದುರೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ ಅಂತ ಬಂದೆ. ಕುದುರೆಯ ವಿಕಾಸ ಅಂತ ಪುಸ್ತಕದಲ್ಲಿ ಒಂದು ಚಿತ್ರ ಇರುತ್ತಿತ್ತು. ನಾಯಿಯಷ್ಟು ಪ್ರಾಣಿ, ನಾಲ್ಕು ಬೆರಳು. ಆಮೇಲೆ ಮೂರು ಬೆರಳು. ಆಮೇಲೆ ಒಂದೇ ಗೊರಸು. ಮೆಟ್ಟಿಲು ಹತ್ತಿದ ಹಾಗೆ. ನಾನೂ ಮೂವತ್ತು ವರ್ಷ ಹಾಗೇ ಬೋರ್ಡ್ ಮೇಲೆ ಬರೆದೆ.

ಆಶ್‌ಫಾಲ್ ಹೊಂಡದಲ್ಲಿ ಒಂದೇ ಸಲಕ್ಕೆ ಐದು ಜಾತಿಯ ಕುದುರೆ ಸತ್ತಿವೆ. ಮೂರು ಬೆರಳಿನವೂ ಇವೆ, ಒಂದು ಬೆರಳಿನ ಕಡೆ ಹೋಗ್ತಿದ್ದ ಪ್ಲಯೋಹಿಪ್ಪಸ್ಸೂ ಇದೆ. ಒಂದೇ ಕಾಲ, ಒಂದೇ ಹುಲ್ಲುಗಾವಲು, ಒಂದೇ ನೀರು. ಅಂದರೆ ಮೆಟ್ಟಿಲಲ್ಲ ಅದು, ಪೊದೆ. ಹಲವು ಕೊಂಬೆ ಒಟ್ಟಿಗೇ ಬೆಳೆದು, ಒಂದು ಮಾತ್ರ ಇವತ್ತಿನವರೆಗೆ ಉಳಿಯಿತು. ನಿವೃತ್ತಿ ಆದಮೇಲೆ ಇದು ತಿಳಿದು ಏನು ಪ್ರಯೋಜನ ಹೇಳಿ. ನನ್ನ ಹಳೇ ಶಿಷ್ಯರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ನೋಟ್ಸ್ ತಿದ್ದಿಕೊಳ್ಳಿ.

ಬೆಂಗಳೂರುಬಿಸಿಲು:
ಹಾಹಾ ಮೇಷ್ಟ್ರೇ! ಒಟ್ಟಿನಲ್ಲಿ ಇದು ಪ್ರಾಣಿಗಳ ಪಾಂಪೇ ಅನ್ನಬಹುದು ಅಲ್ವಾ?

ಕಲ್ಲುಮಾತು:
ಎಲ್ಲರೂ ಹಾಗೇ ಅಂತಾರೆ. ನನಗೆ ಆ ಹೋಲಿಕೆ ಹಿಡಿಸಲ್ಲ. ಇಟಲಿಯ ಆ ಪಾಂಪೇ ಪಟ್ಟಣ ಜ್ವಾಲಾಮುಖಿಯ ಬುಡದಲ್ಲಿತ್ತು. ಕುದಿಯುವ ಅನಿಲ, ಬೂದಿ ಬೆಟ್ಟದಿಂದ ಇಳಿದು ನುಗ್ಗಿತು. ಒಂದೆರಡು ದಿನದಲ್ಲಿ ಕಥೆ ಮುಗೀತು. ಅಲ್ಲಿ ದೇಹ ಕೊಳೆತು ಬೂದಿಯಲ್ಲಿ ಖಾಲಿ ಅಚ್ಚು ಉಳಿದಿತ್ತು. 1863ರಲ್ಲಿ ಪುರಾತತ್ವಜ್ಞ ಫಿಯೊರೆಲ್ಲಿ ಅದಕ್ಕೆ ಪ್ಲಾಸ್ಟರ್ ಹೊಯ್ದು ಆಕಾರ ತೆಗೆದರು. ಆಶ್‌ಫಾಲ್‌ನಲ್ಲಿ ಬೆಂಕಿಯೂ ಇಲ್ಲ, ಅವಸರವೂ ಇಲ್ಲ, ಅಚ್ಚೂ ಅಲ್ಲ, ಮೂಳೆಯೇ ಇದೆ.

ಬಿಸಿ ಬೂದಿಗೆ ಸಿಕ್ಕಿದ ಘೇಂಡಾಮೃಗ ಬೇಕು ಅಂದರೆ ಟರ್ಕಿಗೆ ಹೋಗಿ. ಕಪಡೋಕಿಯಾದಲ್ಲಿ 92 ಲಕ್ಷ ವರ್ಷ ಹಳೆಯ ಒಂದು ತಲೆಬುರುಡೆ ಸಿಕ್ಕಿದೆ. ಸುಮಾರು 400 ಡಿಗ್ರಿ ಮೇಲಿನ ಶಾಖದಲ್ಲಿ ಬೆಂದಿದೆ ಅಂತ 2012ರಲ್ಲಿ ಬರೆದಿದ್ದಾರೆ. ಅಲ್ಲಿ ತಲೆ ಮಾತ್ರ. ಮೈ ಎಲ್ಲಿ ಹೋಯಿತೋ! ಬಿಸಿಗೂ ತಣ್ಣಗಿಗೂ ಇರುವ ವ್ಯತ್ಯಾಸ ಅಷ್ಟು.

ಬೆಂಗಳೂರುಬಿಸಿಲು:
ಸರಿ ಸರಿ, ಪಾಂಪೇ ವಾಪಸ್ ತಗೊಂಡೆ. ಒಂದು ಕಥೆ ಹೇಳಿ ಪ್ರಾಯಶ್ಚಿತ್ತ ಮಾಡ್ಕೋತೀನಿ. ಟಾಂಜಾನಿಯಾದ ಲೇಟೋಲಿ ಗೊತ್ತಲ್ಲ. 1976ರಲ್ಲಿ ಅಲ್ಲಿ ಆದಿಮಾನವರ ಕುರುಹು ಹುಡುಕುತ್ತಿದ್ದ ಮೇರಿ ಲೀಕಿ ಅವರ ಶಿಬಿರ. ಸಂಜೆ ಹೊತ್ತು ವಿಜ್ಞಾನಿಗಳು ಒಣಗಿದ ಆನೆ ಲದ್ದಿ ಎಸೆದಾಡ್ತಾ ಇದ್ದರಂತೆ, ನಾವು ಬೆರಣಿ ಚೂರು ಎಸೆದಾಡಿದ ಹಾಗೆ. ಆಂಡ್ರ್ಯೂ ಹಿಲ್ ಅನ್ನೋರು ತಪ್ಪಿಸಿಕೊಳ್ಳೋಕೆ ಹೋಗಿ ನೆಲಕ್ಕೆ ಬಿದ್ದರು. ಮೂಗಿನ ಮುಂದೆ ಗಟ್ಟಿ ಬೂದಿಯಲ್ಲಿ ಪ್ರಾಣಿಗಳ ಹೆಜ್ಜೆ, ಮಳೆ ಹನಿ ಬಿದ್ದ ಗುಳಿ! ಎರಡು ವರ್ಷ ಕಳೆದು ಅದೇ ಬೂದಿಯಲ್ಲಿ ಎರಡು ಕಾಲಲ್ಲಿ ನಡೆದ ನಮ್ಮ ಪೂರ್ವಜರ ಹೆಜ್ಜೆ ಸಾಲು ಸಿಕ್ಕಿತು. 36 ಲಕ್ಷ ವರ್ಷಕ್ಕಿಂತ ಹಳೆಯದು. ಆ ಬೂದಿಯಲ್ಲಿ ಕಾರ್ಬೊನೇಟ್ ಜಾಸ್ತಿ. ಮಳೆ ಹನಿಸಿ ಬಿಸಿಲು ಬಿದ್ದರೆ ಸಿಮೆಂಟಿನ ಹಾಗೆ ಸೆಟ್ ಆಗುತ್ತೆ.

ಮೆಕ್ಕೆಜೋಳದೂರು:
ಆಶ್‌ಫಾಲ್ ಸಿಕ್ಕಿದ ಕಥೆಯಲ್ಲಿ ಲದ್ದಿ ಇಲ್ಲ, ಆದರೆ ಚೆನ್ನಾಗಿದೆ. 1971ರಲ್ಲಿ ವೂರ್ಹೀಸ್ ಮತ್ತವರ ಹೆಂಡತಿ ಜೇನ್ ಅಲ್ಲಿನ ಮಣ್ಣಿನ ಪದರ ನೋಡ್ತಾ ತಿರುಗಾಡ್ತಿದ್ದರು. ಮಳೆಗೆ ಕೊರೆದ ಒಂದು ಕೊರಕಲು, ಮೇಲೆ ಮೆಕ್ಕೆಜೋಳದ ಹೊಲ. ಬೂದಿ ಪದರದಿಂದ ಘೇಂಡಾಮರಿಯ ದವಡೆ ಇಣುಕಿತ್ತು. ಕೆದರಿದರೆ ದವಡೆಗೆ ತಲೆಬುರುಡೆ ಅಂಟಿಕೊಂಡಿದೆ, ತಲೆಗೆ ಕತ್ತು, ಕತ್ತಿಗೆ ಮೈ. ಹಾಗೆ ಸಿಗೋದೇ ಅಪರೂಪ ಅಲ್ವಾ. ದೊಡ್ಡದಾಗಿ ಅಗೆದದ್ದು 1977ರಿಂದ. ಮೊದಲು ಸಿಕ್ಕಿದ್ದನ್ನೆಲ್ಲ ಪ್ಲಾಸ್ಟರ್ ಸುತ್ತಿ ಲಿಂಕನ್‌ನ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಸಾಗಿಸಿದರು. ಆಮೇಲೆ ಬುದ್ಧಿವಂತಿಕೆ ಮಾಡಿದರು. ಉಳಿದದ್ದನ್ನು ಎತ್ತುವುದೇ ಬೇಡ, ಮೇಲೆ ಸೂರು ಕಟ್ಟೋಣ ಅಂದರು. 1991ರಲ್ಲಿ ಜನರಿಗೆ ತೆರೆದರು. ಈಗಿರುವ ದೊಡ್ಡ ಶೆಡ್ಡು 2009ರದ್ದು, 17,500 ಚದರಡಿ. "ಇಷ್ಟಕ್ಕೆ ಹೊಲದವನಿಗೆ ಎಷ್ಟು ಕೊಟ್ಟರು?" ಅಂತ ಅಪ್ಪ ಕೇಳಿದರು. ನನಗೆ ಗೊತ್ತಿರಲಿಲ್ಲ.

ಸಾಧನಕೇರಿ:
ನಾನು ಧಾರವಾಡದಾಗ ಪುರಾತತ್ವ ಓದೀನಿ, ಅದಕ್ಕ ನಡುವ ಬಾಯಿ ಹಾಕ್ತೀನಿ. ಬೂದಿ ಅಂದ್ರ ನಮಗ ನೆನಪಾಗೋದು ಜ್ವಾಲಾಪುರ. ಇನ್ನು ಮುಂದ ಎಲ್ಲರಿಗೂ ತಿಳಿಯೋ ಹಂಗ ಬರೀತೀನಿ.

ಆಂಧ್ರದ ಕರ್ನೂಲು ಭಾಗದಲ್ಲಿ ಜುರ್ರೇರು ಕಣಿವೆ ಅಂತ ಇದೆ. ಅಲ್ಲಿ ಜ್ವಾಲಾಪುರ. ಅಲ್ಲಿನ ಬೂದಿ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿಯಿಂದ ಬಂದದ್ದು. ಸುಮಾರು 74,000 ವರ್ಷದ ಹಿಂದಿನ ಸ್ಫೋಟ. ದೂರ 2,000 ಕಿಲೋಮೀಟರಿಗೂ ಜಾಸ್ತಿ. ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕಲ್ ಪೆಟ್ರಾಗ್ಲಿಯಾ ಮತ್ತು ಜೊತೆಯವರು ಅಲ್ಲಿ ಅಗೆದು 2007ರಲ್ಲಿ ಫಲಿತಾಂಶ ಪ್ರಕಟಿಸಿದರು.

ಆಶ್‌ಫಾಲ್‌ಗೂ ಇದಕ್ಕೂ ಹೋಲಿಕೆ ಇದೆ. ಇಲ್ಲಿಯೂ ಆಕಾಶದಿಂದ ಬಿದ್ದದ್ದು ಕೆಲವೇ ಸೆಂಟಿಮೀಟರ್. ಆಮೇಲೆ ಮಳೆನೀರು ಸುತ್ತಲಿನ ಗುಡ್ಡದಿಂದ ತೊಳೆದು ತಂದು ಕಣಿವೆಯಲ್ಲಿ ಆಳೆತ್ತರ ತುಂಬಿತು. ಅಲ್ಲಿ ಗಾಳಿ ಮಾಡಿದ ಕೆಲಸ, ಇಲ್ಲಿ ನೀರು ಮಾಡಿದೆ. ಆದರೆ ಜ್ವಾಲಾಪುರದ ಹೆಸರು ಕೇಳಿಬರೋದು ಅಸ್ಥಿಪಂಜರಕ್ಕಲ್ಲ, ಕಲ್ಲಿನ ಆಯುಧಗಳಿಗೆ. ಬೂದಿಯ ಕೆಳಗೂ ಆಯುಧ, ಬೂದಿಯ ಮೇಲೂ ಆಯುಧ.

ವಿಶ್ವವಾಣಿಜ್ಯ:
ಟೋಬಾ ಸಿಡಿದಾಗ ಭಾರತದಲ್ಲಿ ಮನುಷ್ಯ, ಪ್ರಾಣಿ ಎಲ್ಲ ನಾಶ ಆಯ್ತು ಅಂತ ವಿಡಿಯೋದಲ್ಲಿ ನೋಡಿದೀನಿ. ಹತ್ತು ವರ್ಷ ಸೂರ್ಯನೇ ಕಾಣಲಿಲ್ಲವಂತೆ.

ಸಾಧನಕೇರಿ:
ವಿಡಿಯೋ ಬಿಡ್ರಿ. ಬೂದಿಯ ಕೆಳಗಿನ ಆಯುಧ, ಮೇಲಿನ ಆಯುಧ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕೈಕೆಲಸದ ಮುಂದುವರಿಕೆ ಹಾಗೆ ಕಾಣುತ್ತೆ ಅನ್ನೋದೇ ಆ ತಂಡದ ವಾದ. ಅದನ್ನು ಒಪ್ಪದವರೂ ಇದ್ದಾರೆ, ಚರ್ಚೆ ಮುಗಿದಿಲ್ಲ.

ಪ್ರಾಣಿಗಳ ವಿಷಯಕ್ಕೆ ಇನ್ನೂ ಗಟ್ಟಿ ಸಾಕ್ಷಿ ಹತ್ತಿರದಲ್ಲೇ ಇದೆ. ಅದೇ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳು. ನಮ್ಮ ಬಳ್ಳಾರಿ ಕಡೆ ಬೂದಿದಿಬ್ಬ (ಜ್ವಾಲಾಮುಖಿಯದ್ದಲ್ಲ, ಹಿಂದಿನವರು ಸಗಣಿ ಸುಟ್ಟದ್ದು), ಕಲ್ಲಿನ ಕೊಡಲಿ ಅಂತ ಅಲೆದಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದ್ದರಲ್ಲ, ಅವರೇ 1880ರ ದಶಕದಲ್ಲಿ ಆ ಗುಹೆಗಳಲ್ಲಿ ಅಗೆಸಿದ್ದರು. ಅಲ್ಲಿ ಮತ್ತೆ ಅಗೆದು 2014ರಲ್ಲಿ ಬರೆದ ವರದಿಯ ಪ್ರಕಾರ, ಗುರುತು ಹಿಡಿದ 21 ಬಗೆಯ ಸಸ್ತನಿಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಟೋಬಾ ದಾಟಿ ಮುಂದುವರಿದಿವೆ. ಕಾಡು, ಹುಲ್ಲುಗಾವಲು, ಕಲ್ಲುಗುಡ್ಡ ಎಲ್ಲ ಹತ್ತಿರ ಹತ್ತಿರ ಇರುವ ನೆಲ ನಮ್ಮದು. ಒಂದು ಕಡೆ ಮೇವು ಕೆಟ್ಟರೆ ಇನ್ನೊಂದು ಕಡೆ ಹೋಗಬಹುದಿತ್ತು.

ಸಂಶಯರಾಯ:
ಹಾಗಾದರೆ ಆಶ್‌ಫಾಲ್ ಘೇಂಡಾಮೃಗಗಳು ಯಾಕೆ ಬೇರೆ ಕಡೆ ಹೋಗಲಿಲ್ಲ? ಕಾಲು ಇತ್ತಲ್ಲ. ಅಥವಾ ಎಲ್ಲೆಲ್ಲಿಂದಲೋ ಓಡಿ ಬಂದು ಆ ಹೊಂಡ ಸೇರಿದವೋ?

ಕಲ್ಲುಮಾತು:
ಸಂಶಯರಾಯರೇ, ನಿಮ್ಮ ಈ ಪ್ರಶ್ನೆಯನ್ನೇ ಸಿನ್ಸಿನಾಟಿ ವಿಶ್ವವಿದ್ಯಾಲಯದವರು ಹಲ್ಲುಗಳಿಗೆ ಕೇಳಿದರು. ಉತ್ತರ 2025ರಲ್ಲಿ ಬಂತು. ಕುಡಿದ ನೀರು, ತಿಂದ ಮೇವು, ಕೆಳಗಿನ ಮಣ್ಣು ಇವುಗಳ ಗುರುತು ಹಲ್ಲಿನ ಎನಾಮಲ್‌ನಲ್ಲಿ, ಅಂದರೆ ಗಟ್ಟಿ ಹೊರಪದರದಲ್ಲಿ, ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ರೂಪದಲ್ಲಿ ಉಳಿಯುತ್ತೆ. ಬೇರೆ ಬೇರೆ ಊರಿನ ನೀರು ಕುಡಿದಿದ್ದರೆ ಲೆಕ್ಕ ಬೇರೆ ಬೇರೆ ಬರಬೇಕಿತ್ತು. ಬರಲಿಲ್ಲ. ಅವು ಅಲ್ಲಿಯವೇ, ದೂರ ಅಲೆಯುವ ಪ್ರಾಣಿಯೇ ಅಲ್ಲ. ಬೂದಿಗೆ ಹೆದರಿ ಗುಂಪು ಸೇರಿದ್ದೂ ಅಲ್ಲ. ಮೊದಲಿಂದಲೂ ದೊಡ್ಡ ಹಿಂಡಾಗಿಯೇ ಇದ್ದವು.

ಇನ್ನು ಓಡೋದಾದರೂ ಎಲ್ಲಿಗೆ? ನಾಲ್ಕೂ ದಿಕ್ಕಿಗೆ ನೂರಾರು ಕಿಲೋಮೀಟರ್ ಬೂದಿ. ನಡೆದಷ್ಟೂ ಧೂಳು ಏಳುತ್ತೆ, ನೀರಿನ ಪಕ್ಕ ಕೂತರೆ ಸ್ವಲ್ಪ ಕಡಿಮೆ.

ತಿಮ್ಮಾಪುರದಹುಡುಗಿ:
ನಮ್ಮ ಕರ್ನಾಟಕದಲ್ಲಿ ಇಂಥದ್ದು ಯಾಕೆ ಸಿಗಲ್ಲ? ಜ್ವಾಲಾಮುಖಿ ಇರಲೇ ಇಲ್ವಾ?

ಕಲ್ಲುಮಾತು:
ಇತ್ತು, ಬೇಕಾದಷ್ಟು. ಕೋಲಾರದ ಹತ್ತಿರ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಉಗುಳಿದ ಚೂರುಗಳಿಂದಾದ ಬಂಡೆಯೇ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರೊಳಗೆ ಹರಿದ ಲಾವಾ ದಿಂಬಿನ ಆಕಾರದಲ್ಲಿ ಹೆಪ್ಪುಗಟ್ಟಿದೆ. ತೊಂದರೆ ವಯಸ್ಸಿನದು. ಅವು 200 ಕೋಟಿ ವರ್ಷಕ್ಕಿಂತ ಹಳೆಯವು. ಲಾಲ್‌ಬಾಗ್ ಬಂಡೆ ಇನ್ನೂ ಹಿರಿಯಜ್ಜ. ಆಗ ಪ್ರಾಣಿ ಅನ್ನೋದೇ ಹುಟ್ಟಿರಲಿಲ್ಲ. ಬೂದಿ ಇತ್ತು, ಹೂತು ಹೋಗೋಕೆ ಯಾರೂ ಇರಲಿಲ್ಲ.

ಉತ್ತರ ಕರ್ನಾಟಕದ ಕಪ್ಪು ಕಲ್ಲು ಬೇರೆ. ಅದು 6.6 ಕೋಟಿ ವರ್ಷದ ಆಸುಪಾಸಿನ ಲಾವಾ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕಾಗ ಕೆರೆಗಳಾಗಿದ್ದವು. ಗುರುಮಠಕಲ್ ಕಡೆ ಅಂಥ ಕೆರೆಯ ಪದರದಲ್ಲಿ ಸಿಹಿನೀರಿನ ಸಣ್ಣ ಜೀವಿಗಳ ಪಳೆಯುಳಿಕೆ ಸಿಕ್ಕಿವೆ. ಘೇಂಡಾಮೃಗ ಕೇಳಬೇಡಿ, ಅದಿನ್ನೂ ಹುಟ್ಟಿರಲಿಲ್ಲ.

ಹಳೇಮೇಷ್ಟ್ರು:
"ಹೂತು ಹೋಗೋಕೆ ಯಾರೂ ಇರಲಿಲ್ಲ." ಇದನ್ನೂ ನೋಟ್ಸ್‌ಗೆ ಸೇರಿಸಿಕೊಳ್ಳಿ ಶಿಷ್ಯರೇ.

ಮೆಕ್ಕೆಜೋಳದೂರು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ದಿನಾ ರಾತ್ರಿ "ಇವತ್ತು ಏನ್ ಬರೆದ್ರು?" ಅಂತ ಕೇಳ್ತಾರೆ. ಹೋಗೋರಿಗೆ ಒಂದು ಮಾತು, ಚಳಿಗಾಲದಲ್ಲಿ ಮುಚ್ಚಿರುತ್ತೆ. ಬೇಸಿಗೆಯಲ್ಲಿ ಹೋದರೆ ಅಗೆಯೋದನ್ನೂ ನೋಡಬಹುದು. ಊಟ ಕಟ್ಟಿಕೊಂಡು ಹೋಗಿ, ಸುತ್ತ ಏನೂ ಸಿಗಲ್ಲ. ನಾವು ಚಿತ್ರಾನ್ನ ತಿಂದು ಬಚಾವಾದೆವು.

ಹೇಳೋಕೆ ಮರೆತಿದ್ದೆ. ಅಲ್ಲಿನ ಹುಡುಗಿ ಒಬ್ಬಳು ಅಮ್ಮನ ಅಂಗೈಗೆ ಒಂದು ಚಿಟಿಕೆ ಬೂದಿ ಹಾಕಿದಳು. ಅಮ್ಮ ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇದು ಪಾತ್ರೆ ತಿಕ್ಕೋ ಸಬೀನಾ ಥರ ಇದೆ" ಅಂದರು. ನಾನು ನಗುತ್ತಾ ಇಂಗ್ಲಿಷಲ್ಲಿ ಹೇಳಿದೆ. ಆ ಹುಡುಗಿ ನಗಲಿಲ್ಲ. ನಿಮ್ಮ ಅಮ್ಮ ಹೇಳಿದ್ದು ನಿಜ, ಹಿಂದೆ ನೆಬ್ರಾಸ್ಕಾದಲ್ಲಿ ಇಂಥ ಬೂದಿಯನ್ನು ಗಣಿಯಿಂದ ತೆಗೆದು ಪಾತ್ರೆ ಉಜ್ಜುವ ಪುಡಿಯಾಗಿಯೇ ಮಾರ್ತಿದ್ದರು ಅಂದಳು. ಅಮ್ಮನಿಗೆ ಅದೊಂದೇ ಸಮಾಧಾನ. ಊರಿಗೆ ಒಂದು ಪೊಟ್ಟಣ ಒಯ್ಯೋಣ್ವಾ ಅಂತ ಕೇಳ್ತಾ ಇದ್ದಾರೆ. ಪಾರ್ಕಿನಿಂದ ಏನೂ ತರೋ ಹಾಗಿಲ್ಲಮ್ಮ ಅಂತ ಹೇಳಿ ಸಾಕಾಯ್ತು.

ದನದಡಾಕ್ಟ್ರು:
ತರೋದು ಬೇಡ. ತಂದರೂ ತಿಕ್ಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳೋಕೆ ಹೇಳಿ.